ಎಲ್ಫರು ಗುಳೆ ಹೊರಟಾಗ

ಫ್ಯಾಂಟಸಿ ಕಾದಂಬರಿಗಳಲ್ಲಿ ಒಂದು ಜನಾಂಗ ನಾಡು ಬಿಡುವ ಘಟನೆ ಬಹಳ ಸಲ ಎರಡು ಸಾಲಿನಲ್ಲಿ ಮುಗಿಯುತ್ತದೆ. ಕಾಡಿಗೆ ಬೆಂಕಿ ಬೀಳುತ್ತದೆ, ಕೋಟೆ ಶತ್ರುವಿನ ಕೈಸೇರುತ್ತದೆ, ಅಳಿದುಳಿದ ಎಲ್ಫರು ಪಡುವಣಕ್ಕೆ ಹೊರಡುತ್ತಾರೆ. ಮುಂದಿನ ಅಧ್ಯಾಯದ ಹೊತ್ತಿಗೆ ಹೊಸ ಕಣಿವೆಯಲ್ಲಿ ಹೊಸ ಅರಮನೆ ಎದ್ದಿರುತ್ತದೆ. ಹಾಡು, ಉಡುಗೆ, ರಾಜವಂಶ ಎಲ್ಲವೂ ಮೊದಲಿನಂತೆಯೇ ಇರುತ್ತವೆ. ನಡುವೆ ಆ ಜನ ಏನು ತಿಂದರು, ಯಾವ ಹೊಳೆಯ ದಡದಲ್ಲಿ ಯಾರು ಉಳಿದುಹೋದರು, ಯಾವ ದೊರೆಯ ಗಡಿಯಲ್ಲಿ ಎಷ್ಟು ದಿನ ಕಾದರು ಎಂಬುದಕ್ಕೆ ಕಥೆಯಲ್ಲಿ ಜಾಗವಿರುವುದಿಲ್ಲ. ಈ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡಿರುವುದು ಜಾಗ ಸಿಗದ ಆ ದಾರಿಯನ್ನೇ.

ಎಲ್ಫರು ಕಲ್ಪನೆಯ ಜನ. ಗುಳೆ ಕಲ್ಪನೆಯದಲ್ಲ. ನೆಲೆ ತಪ್ಪಿದ ಎಲ್ಫ್ ಜನಾಂಗವೊಂದು ಹೇಗೆ ವಲಸೆ ಹೋದೀತು ಎಂದು ಕೇಳುವವರು ಮಾಯಾಮಂತ್ರದ ಪುಸ್ತಕಕ್ಕಿಂತ ಮೊದಲು ಚರಿತ್ರೆಯ ಪುಸ್ತಕ ತೆರೆಯಬೇಕು. ಅಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಒಂದಾಗಿ ಹೊರಟ ಜನ ಹಲವಾಗಿ ತಲುಪುತ್ತಾರೆ. ಎಲ್ಲಿ ಒಡೆದರು, ಯಾಕೆ ಒಡೆದರು, ಒಡೆದ ಮೇಲೆ ಒಬ್ಬರಿಗೊಬ್ಬರು ಏನಾಗಿ ಉಳಿದರು ಎಂದು ಹೇಳದ ವಲಸೆಯ ಕಥೆ ಅರ್ಧ ಕಥೆ.

ಇದನ್ನು ಚೆನ್ನಾಗಿ ಅರಿತಿದ್ದವರು ಜೆ.ಆರ್.ಆರ್. ಟೋಲ್ಕಿನ್. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿ ಹೊರತಂದ ‘ದ ಸಿಲ್ಮರಿಲಿಯನ್’ನಲ್ಲಿ ಎಲ್ಫರ ಮಹಾಯಾತ್ರೆಯ ಕಥೆಯಿದೆ. ದೂರದ ಮೂಡಣದಲ್ಲಿ, ಕುಇವಿಯೆನೆನ್ ಎಂಬ ನೀರ ದಡದಲ್ಲಿ ಕಣ್ಣು ತೆರೆದ ಎಲ್ಫರಿಗೆ ಪಡುವಣ ಕಡಲಾಚೆಯಿಂದ ಕರೆ ಬರುತ್ತದೆ. ಕರೆಗೆ ಓಗೊಡದೆ ಅಲ್ಲೇ ಉಳಿದವರು ಅವಾರಿಗಳು. ಹೊರಟವರದು ಮೂರು ದಂಡು: ವಾನ್ಯಾರ್, ನೋಲ್ಡೋರ್, ಟೆಲೆರಿ. ಟೆಲೆರಿಗಳ ಸಂಖ್ಯೆ ಎಲ್ಲರಿಗಿಂತ ಹೆಚ್ಚು, ನಡಿಗೆ ಎಲ್ಲರಿಗಿಂತ ನಿಧಾನ, ಒಡಕೂ ಅವರಲ್ಲೇ ಜಾಸ್ತಿ. ಆಂಡುಯಿನ್ ಮಹಾನದಿಯ ಆಚೆ ಮಂಜಿನ ಪರ್ವತಗಳು ಅಡ್ಡ ನಿಂತದ್ದನ್ನು ಕಂಡು ಒಂದು ಪಾಲು ನದಿಗುಂಟ ತೆಂಕಣಕ್ಕೆ ತಿರುಗಿತು. ಬೆಲೆರಿಯಾಂಡ್ ಸೇರಿದ ಮೇಲೆ ದೊರೆ ಎಲ್ವೆ ಕಾಡಿನಲ್ಲಿ ಕಾಣೆಯಾದ. ಅವನನ್ನು ಹುಡುಕುತ್ತ ಇನ್ನೊಂದು ಪಾಲು ನಿಂತಿತು. ಕಡಲ ಅಂಚಿಗೆ ಬಂದವರಲ್ಲೂ ಕೆಲವರಿಗೆ ಆ ದಡವೇ ಹಿತವಾಗಿ, ಹಡಗು ಕಟ್ಟುವ ಕಿರ್ದಾನನ ಜೊತೆ ಅಲ್ಲೇ ಬೀಡುಬಿಟ್ಟರು. ಕಡಲು ದಾಟಿದ ನೋಲ್ಡೋರರ ನುಡಿ ಕ್ವೆನ್ಯವಾಯಿತು, ಬೆಲೆರಿಯಾಂಡಿನಲ್ಲಿ ಉಳಿದವರದು ಸಿಂದಾರಿನ್ ಆಯಿತು.

ಟೋಲ್ಕಿನ್ ವೃತ್ತಿಯಿಂದ ಭಾಷಾಶಾಸ್ತ್ರಜ್ಞರು. ಶಾಲೆಯ ದಿನಗಳಲ್ಲೇ ಜೋಸೆಫ್ ರೈಟ್ ಬರೆದ ಗಾಥಿಕ್ ಭಾಷೆಯ ಪ್ರವೇಶಿಕೆಯನ್ನು ಓದಿ ಮನಸೋತವರು. ಮುಂದೆ ಆಕ್ಸ್‌ಫರ್ಡಿನಲ್ಲಿ ಅದೇ ರೈಟ್ ಅವರ ಶಿಷ್ಯರಾದರು. ಒಂದೇ ಬೇರಿನ ಎರಡು ನುಡಿಗಳು ಬೇರೆಯಾಗಬೇಕಾದರೆ ಆಡುವವರು ಬಹುಕಾಲ ಅಗಲಿರಬೇಕು ಎಂಬುದು ಅವರಿಗೆ ಪಾಠ ಹೇಳುವ ವಿಷಯವಾಗಿತ್ತು. ಅದಕ್ಕೇ ಅವರ ಎಲ್ಫರ ಯಾತ್ರೆಯಲ್ಲಿ ಪ್ರತಿ ಬೆಟ್ಟ, ಪ್ರತಿ ನದಿ ಒಂದು ಕವಲು. ಬೇರೆ ಲೇಖಕರ ಭೂಪಟದಲ್ಲಿ ಬೆಟ್ಟ ಬರಿಯ ಬೆಟ್ಟ.

ಹೊರಡುವ ಮೊದಲಿನ ಸಿದ್ಧತೆಗೆ ಬರೋಣ. ಇಲ್ಲಿ ಹಳೆಯ, ವಿವರವಾದ ಒಂದು ಸಾಕ್ಷಿ ಜೂಲಿಯಸ್ ಸೀಸರನದು. ಇಂದಿನ ಸ್ವಿಟ್ಜರ್ಲೆಂಡಿನ ಭಾಗದಲ್ಲಿದ್ದ ಹೆಲ್ವೆಟಿ ಜನ ಕ್ರಿ.ಪೂ. 58ರಲ್ಲಿ ಊರಿಗೆ ಊರೇ ಎದ್ದು ಪಡುವಣಕ್ಕೆ ಹೊರಟರು. ಅದಕ್ಕೆ ಎರಡು ವರ್ಷ ತಯಾರಿ ನಡೆದಿತ್ತು: ಗಾಡಿ, ಎತ್ತುಗಳ ಖರೀದಿ, ಹೆಚ್ಚು ಬಿತ್ತನೆ, ನೆರೆಯವರೊಡನೆ ಒಪ್ಪಂದ. ಹೊರಡುವಾಗ ತಮ್ಮ ಹನ್ನೆರಡು ಪಟ್ಟಣಗಳಿಗೆ, ಸುಮಾರು 400 ಹಳ್ಳಿಗಳಿಗೆ, ಹೊರಲಾಗದ ಧಾನ್ಯಕ್ಕೆ ತಾವೇ ಬೆಂಕಿ ಇಟ್ಟರು. ಮರಳುವ ಆಸೆ ಯಾರ ಮನಸ್ಸಿನಲ್ಲೂ ಉಳಿಯಬಾರದೆಂಬುದು ಉದ್ದೇಶ. ತಲೆಗೆ ಮೂರು ತಿಂಗಳ ಹಿಟ್ಟು ಕಟ್ಟಿಕೊಂಡು ಮಾರ್ಚ್ 28ಕ್ಕೆ ರೋನ್ ನದಿಯ ದಡದಲ್ಲಿ ಸೇರಬೇಕೆಂದು ಗೊತ್ತುಮಾಡಿದ್ದರು. ಅವರ ಪಾಳೆಯದಲ್ಲಿ ಗ್ರೀಕ್ ಅಕ್ಷರದಲ್ಲಿ ಬರೆದ ಪಟ್ಟಿಗಳು ಸಿಕ್ಕವೆಂದೂ ಜೊತೆಗಿದ್ದ ಬುಡಕಟ್ಟುಗಳೂ ಸೇರಿ ಒಟ್ಟು 3,68,000 ಜನರಿದ್ದರೆಂದೂ ಆಯುಧ ಹಿಡಿಯಬಲ್ಲವರು 92,000 ಮಾತ್ರವೆಂದೂ ಸೀಸರ್ ಬರೆಯುತ್ತಾನೆ. ಗೆದ್ದವನು ಕೊಟ್ಟ ಲೆಕ್ಕ, ಇತಿಹಾಸಕಾರರು ಅದನ್ನು ಹಾಗೆಯೇ ಒಪ್ಪುವುದಿಲ್ಲ. ಆದರೆ ಆ ಪ್ರಮಾಣವನ್ನು ಗಮನಿಸಬೇಕು: ಹೊರಟವರಲ್ಲಿ ಕತ್ತಿ ಹಿಡಿಯುವವನು ನಾಲ್ವರಲ್ಲಿ ಒಬ್ಬ. ಉಳಿದ ಮೂವರು ಮುದುಕರು, ಮಕ್ಕಳು, ಹೆಂಗಸರು. ಚಿತ್ರಪಟಗಳಲ್ಲಿ ಕಾಣುವ ಎಲ್ಫ್ ವಲಸೆಯಲ್ಲಿ ಈ ಮೂವರು ಇರುವುದೇ ಇಲ್ಲ. ಎಲ್ಲರ ಬೆನ್ನಿಗೂ ಬಿಲ್ಲು.

ಈ ಲೆಕ್ಕವನ್ನು ಕಲ್ಪನೆಯ ಜನಾಂಗಕ್ಕೆ ಹಚ್ಚಿ ನೋಡಬಹುದು. ಐವತ್ತು ಸಾವಿರ ಎಲ್ಫರು, ದಿನಕ್ಕೆ ತಲಾ ಅರ್ಧ ಕಿಲೋ ಹಿಟ್ಟು ಎಂದಿಟ್ಟುಕೊಂಡರೆ ದಿನಕ್ಕೆ 25 ಟನ್, ಮೂರು ತಿಂಗಳಿಗೆ 2,250 ಟನ್. ಒಂದು ಎತ್ತಿನ ಗಾಡಿ ಅರ್ಧ ಟನ್ ಹೊತ್ತರೆ 4,500 ಗಾಡಿ, 9,000 ಎತ್ತು ಬೇಕು. ಗಾಡಿಗೆ ಎಂಟು ಮೀಟರ್ ಜಾಗ ಹಿಡಿದರೆ ಒಂಟಿ ದಾರಿಯಲ್ಲಿ ಸಾಲಿನ ಉದ್ದ 36 ಕಿಲೋಮೀಟರ್. ಎತ್ತಿನ ಗಾಡಿ ದಿನಕ್ಕೆ ನಡೆಯುವುದು ಹದಿನೈದರಿಂದ ಇಪ್ಪತ್ತು ಕಿಲೋಮೀಟರ್. ಅಂದರೆ ಮುಂದಿನವರು ಬಿಟ್ಟ ಬಿಡಾರಕ್ಕೆ ಕೊನೆಯವರು ಬರುವುದು ಎರಡು ದಿನ ತಡವಾಗಿ. ಆಗ ಅಲ್ಲಿ ಹುಲ್ಲಿಲ್ಲ, ಸೌದೆಯಿಲ್ಲ, ಬಾವಿ ಕೆಸರು. ರೋಗ ಹುಟ್ಟುವುದು ಸಾಲಿನ ಬಾಲದಲ್ಲಿ, ಅಸಮಾಧಾನ ಹುಟ್ಟುವುದೂ ಅಲ್ಲೇ. ಯಾವ ಕುಲ ಮುಂದೆ ನಡೆಯಬೇಕು, ಯಾವುದು ಹಿಂದೆ ಎಂಬ ಜಗಳವೊಂದೇ ಒಂದು ಕಾದಂಬರಿಗೆ ಸಾಕು.

ಟೋಲ್ಕಿನ್ ಇದಕ್ಕೆ ‘ಲೆಂಬಾಸ್’ ಎಂಬ ದಾರಿಬುತ್ತಿಯನ್ನು ಕೊಟ್ಟರು. ಒಂದು ರೊಟ್ಟಿ ತಿಂದರೆ ದಿನವಿಡೀ ನಡೆಯಬಹುದು. ಅಂಥ ವರ ಇಲ್ಲದ ಎಲ್ಫರಿಗೆ ಬೇರೆ ದಾರಿಗಳಿವೆ. ಹದಿನೇಳನೆಯ ಶತಮಾನದಲ್ಲಿ ಮೊಘಲ್ ಸೈನ್ಯಕ್ಕೂ ದಖನ್ನಿನ ಸುಲ್ತಾನರ ಸೈನ್ಯಗಳಿಗೂ ಧಾನ್ಯ ಸಾಗಿಸಿದವರು ಬಂಜಾರರು, ಕರ್ನಾಟಕದ ಲಂಬಾಣಿ ತಾಂಡಾಗಳ ಪೂರ್ವಿಕರು. ಅವರು ಗಾಡಿ ಕಟ್ಟಲಿಲ್ಲ. ಎತ್ತಿನ ಬೆನ್ನಿಗೇ ಹೇರು ಹಾಕಿ, ಸಂಸಾರ ಸಮೇತ, ದಾರಿಯುದ್ದಕ್ಕೂ ಮೇಯಿಸುತ್ತ ನಡೆದರು. ಹೇರೆತ್ತಿಗೆ ರಸ್ತೆ ಬೇಡ, ಸೇತುವೆ ಬೇಡ. ಕಾಡಿನ ಜನಾಂಗವಾದ ಎಲ್ಫರಿಗೆ ಹೆಲ್ವೆಟಿಗಳ ಗಾಡಿಸಾಲಿಗಿಂತ ಲಂಬಾಣಿಗರ ಹೇರೆತ್ತೇ ಒಗ್ಗುತ್ತದೆ. ಕನ್ನಡದಲ್ಲಿ ಫ್ಯಾಂಟಸಿ ಬರೆಯುವವರು ಇದಕ್ಕಾಗಿ ಯುರೋಪಿನವರೆಗೆ ಹೋಗಬೇಕಿಲ್ಲ.

ಇನ್ನು ಹೊಳೆ. ವಲಸೆಯ ಚರಿತ್ರೆಯಲ್ಲಿ ಯುದ್ಧಭೂಮಿಗಿಂತ ಹೆಚ್ಚು ತೀರ್ಮಾನಗಳಾಗಿರುವುದು ನದಿಗಳಲ್ಲಿ. ಹೆಲ್ವೆಟಿಗಳು ತೆಪ್ಪ, ದೋಣಿಗಳನ್ನು ಜೋಡಿಸಿಕೊಂಡು ಸೋನ್ ನದಿ ದಾಟಲು ಇಪ್ಪತ್ತು ದಿನ ಪಾಡುಪಟ್ಟರು; ಅದೇ ನದಿಯನ್ನು ಸೀಸರ್ ಒಂದೇ ದಿನದಲ್ಲಿ ಸೇತುವೆ ಕಟ್ಟಿ ದಾಟಿದ. ಅವರ ನಾಲ್ಕರಲ್ಲಿ ಮೂರು ಪಾಲು ಆಚೆ ಹೋಗಿದ್ದಾಗ ಈಚೆ ಉಳಿದ ಟಿಗುರಿನಿ ಎಂಬ ಒಂದು ಪಾಲಿನ ಮೇಲೆ ಅವನು ಬಿದ್ದ. ಆಚೆಯವರಿಗೆ ಎದುರು ದಡದಲ್ಲಿದ್ದೂ ಏನೂ ಮಾಡಲಾಗಲಿಲ್ಲ.

ಆದರೆ ನದಿಯೊಂದು ಜನಾಂಗವನ್ನು ಎರಡು ಮಾಡಿದ ದೊಡ್ಡ ಉದಾಹರಣೆ ಕಲ್ಮೀಕರದು, ಎಲ್ಫ್ ವಲಸೆಯ ಕಥೆ ಹೆಣೆಯುವವರು ಎಲ್ಲಕ್ಕಿಂತ ಹತ್ತಿರದಿಂದ ಓದಬೇಕಾದ ಅಧ್ಯಾಯವೂ ಅದೇ. ಮುಂದೆ ಕಲ್ಮೀಕರೆನಿಸಿದ ಟೋರ್ಗುಟ್ ಎಂಬ ಮಂಗೋಲ ಕುಲದವರು ಹದಿನೇಳನೆಯ ಶತಮಾನದಲ್ಲಿ ಮಧ್ಯ ಏಷ್ಯಾದಿಂದ ಬಂದು ವೋಲ್ಗಾ ನದಿಯ ಕೆಳಬಯಲಲ್ಲಿ ಕುದುರೆ, ಕುರಿ ಮೇಯಿಸಿಕೊಂಡಿದ್ದರು. ಬೌದ್ಧರು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅವರ ಹುಲ್ಲುಗಾವಲಿಗೆ ರಷ್ಯನ್ ಮತ್ತು ಜರ್ಮನ್ ರೈತರು ಬಂದು ನೆಲೆಸಿದರು. ತುರ್ಕರ ಮೇಲಿನ ಯುದ್ಧಕ್ಕೆ ರಷ್ಯಾ ಮತ್ತೆ ಮತ್ತೆ ಅವರ ಸವಾರರನ್ನು ಕೇಳಿತು. ಖಾನನ ಅಧಿಕಾರಕ್ಕೆ ಕತ್ತರಿ ಬಿತ್ತು. ಅತ್ತ ಪೂರ್ವದಲ್ಲಿ, 1750ರ ದಶಕದಲ್ಲಿ ಚೀನಾದ ಛಿಂಗ್ ಸೈನ್ಯ ಜುಂಗಾರರೆಂಬ ಜನರನ್ನು ನಿರ್ನಾಮ ಮಾಡಿತ್ತು; ಪೂರ್ವಿಕರ ಹುಲ್ಲುಗಾವಲು ಖಾಲಿ ಬಿದ್ದಿತ್ತು. 1771ರ ಜನವರಿಯಲ್ಲಿ ಉಬಾಶಿ ಖಾನನ ಮುಂದಾಳ್ತನದಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಜನ ದನಕರು ಸಮೇತ ಮೂಡಣಕ್ಕೆ ಹೊರಟುಬಿಟ್ಟರು.

ನಡುಚಳಿಗಾಲವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನದಿ ಹೆಪ್ಪುಗಟ್ಟಿದರೆ ಪಡುದಡದವರೂ ಮಂಜಿನ ಮೇಲೆ ನಡೆದು ಬಂದು ಸೇರಿಕೊಳ್ಳಬಹುದು. ಆ ವರ್ಷ ವೋಲ್ಗಾ ಹೊರೆ ತಾಳುವಷ್ಟು ಗಟ್ಟಿಯಾಗಲಿಲ್ಲ. ಸುದ್ದಿ ರಷ್ಯನ್ನರ ಕಿವಿಗೆ ಬೀಳುವ ಮೊದಲೇ ಹೊರಡಬೇಕಿತ್ತು, ಕಾಯುವಂತಿರಲಿಲ್ಲ. ಪಡುದಡದವರು ಅಲ್ಲೇ ಉಳಿದರು. ಹೊರಟವರು ಚಳಿ, ಬಾಯಾರಿಕೆ, ರೋಗ, ಕಝಾಕರ ದಾಳಿಗಳಿಗೆ ಸಿಕ್ಕಿ ಬಾಲ್ಖಾಶ್ ಸರೋವರದ ಸುತ್ತಲಿನ ಬೆಂಗಾಡನ್ನು ದಾಟಿ ಬೇಸಿಗೆಯಲ್ಲಿ ಇಲಿ ಕಣಿವೆ ಸೇರುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಜನ ಬದುಕಿದ್ದರು. ಛಿಂಗ್ ಚಕ್ರವರ್ತಿ ಛಿಯೆನ್‌ಲಾಂಗ್ ಅವರಿಗೆ ದನ, ಕುರಿ, ಧಾನ್ಯ, ಚಹಾ, ಡೇರೆ ಕೊಡಿಸಿದ. ಜೊತೆಗೇ ಅವರನ್ನು ಬೇರೆ ಬೇರೆ ಕಡೆ ಹಂಚಿಹಾಕಿದ. ರಷ್ಯಾದಲ್ಲಿ ಎರಡನೆಯ ಕ್ಯಾಥರೀನ್ ಅದೇ ವರ್ಷ ಕಲ್ಮೀಕ್ ಖಾನರ ರಾಜ್ಯವನ್ನೇ ರದ್ದುಮಾಡಿದಳು. ಉಳಿದವರ ಮಕ್ಕಳು ಇಂದಿನ ಕಲ್ಮೀಕಿಯಾದ ಜನ. ಹೋದವರ ಮಕ್ಕಳು ಷಿನ್‌ಜಿಯಾಂಗಿನಲ್ಲಿದ್ದಾರೆ. ಒಂದು ಚಳಿಗಾಲದ ಹವೆ ಇಬ್ಬರ ನಡುವೆ ಗೆರೆ ಎಳೆಯಿತು.

ಟೋಲ್ಕಿನ್ನರ ನೋಲ್ಡೋರರ ಕಥೆಯಲ್ಲೂ ಮಂಜುಗಡ್ಡೆಯಿದೆ. ಕಡಲಾಚೆಯಿಂದ ಬೆಲೆರಿಯಾಂಡಿಗೆ ಮರಳಲು ಹೊರಟಾಗ ಅವರ ನಾಯಕ ಫೆಅನೋರ್ ಟೆಲೆರಿಗಳನ್ನು ಕೊಂದು ಹಡಗು ಕಿತ್ತುಕೊಳ್ಳುತ್ತಾನೆ, ತನ್ನವರನ್ನಷ್ಟೇ ದಾಟಿಸಿ ಹಡಗುಗಳನ್ನು ಸುಡುತ್ತಾನೆ. ಹಿಂದೆ ಬಿಟ್ಟುಹೋದ ಫಿಂಗೋಲ್ಫಿನನ ಜನ ಹೆಲ್‌ಕರಾಕ್ಸೆ ಎಂಬ ಒಡೆದು ಅರೆಯುವ ಹಿಮದ ಮೇಲೆ ನಡೆದೇ ಬರುತ್ತಾರೆ, ದಾರಿಯಲ್ಲಿ ಟುರ್ಗೋನನ ಹೆಂಡತಿ ಎಲೆನ್ವೆಯಂಥ ಎಷ್ಟೋ ಜನರನ್ನು ಕಳೆದುಕೊಳ್ಳುತ್ತಾರೆ. ಹಡಗಲ್ಲಿ ಬಂದವರು, ಹಿಮದಲ್ಲಿ ಬಂದವರು ಎಂಬ ಭೇದ ಮುಂದೆ ಬಹುಕಾಲ ಅವರ ರಾಜಕೀಯವನ್ನು ಕಾಡುತ್ತದೆ. ವಲಸೆ ಬಂದವರಲ್ಲಿ ಯಾರು ಯಾವ ದಾರಿಯಲ್ಲಿ ಬಂದರು ಎಂಬುದು ಮರೆಯದ ಲೆಕ್ಕ. ಇದು ಟೋಲ್ಕಿನ್ ಕಂಡ ದೊಡ್ಡ ಸತ್ಯ.

ಹೊರಡದವರೂ ಇರುತ್ತಾರೆ. ನಾ. ಡಿಸೋಜ ಶರಾವತಿಯ ಮುಳುಗಡೆಯನ್ನು ಕುರಿತು ಬರೆದ ‘ದ್ವೀಪ’ ಕಾದಂಬರಿಯ, ಗಿರೀಶ್ ಕಾಸರವಳ್ಳಿ ಅದನ್ನು ಆಧರಿಸಿ ಮಾಡಿದ ಚಿತ್ರದ ಕೇಂದ್ರದಲ್ಲಿರುವುದು ನೀರು ಏರುತ್ತಿದ್ದರೂ ಮನೆ ಬಿಡದ ಸಂಸಾರ. ಅವಾರಿಗಳ ಬಗ್ಗೆ ಟೋಲ್ಕಿನ್ ಬರೆದದ್ದು ಬಹಳ ಕಡಿಮೆ. ಕನ್ನಡದ ಓದುಗನಿಗೆ ಮಾತ್ರ ಅವರ ಮನಸ್ಸು ಅಪರಿಚಿತವೇನಲ್ಲ.

ಗಡಿ ದಾಟುವುದು ಇನ್ನೊಂದೇ ಅಧ್ಯಾಯ. ಕ್ರಿ.ಶ. 376ರಲ್ಲಿ ಹೂಣರ ಒತ್ತಡಕ್ಕೆ ಸಿಕ್ಕ ಗಾಥರು ಡ್ಯಾನ್ಯೂಬ್ ದಡಕ್ಕೆ ಬಂದು ರೋಮನ್ ಸಾಮ್ರಾಜ್ಯದೊಳಗೆ ಜಾಗ ಕೇಳಿದರು. ಚಕ್ರವರ್ತಿ ವೇಲೆನ್ಸ್ ಒಪ್ಪಿದ. ಸೈನಿಕರು ಸಿಗುತ್ತಾರೆ, ಹೊಲಕ್ಕೆ ಆಳು ಸಿಗುತ್ತಾರೆ ಎಂಬುದು ಅವನ ಲೆಕ್ಕ. ಬಂದವರಿಗೆ ಅನ್ನ ಒದಗಿಸಬೇಕಾದ ಅಧಿಕಾರಿಗಳು ಲುಪಿಸಿನಸ್ ಮತ್ತು ಮ್ಯಾಕ್ಸಿಮಸ್, ಹಸಿದ ಗಾಥರಿಗೆ ನಾಯಿಮಾಂಸ ಕೊಟ್ಟು ಬದಲಿಗೆ ಅವರ ಮಕ್ಕಳನ್ನು ಗುಲಾಮರಾಗಿ ಪಡೆದರೆಂದು ಅದೇ ಕಾಲದ ಇತಿಹಾಸಕಾರ ಅಮಿಯಾನಸ್ ಮಾರ್ಸೆಲಿನಸ್ ದಾಖಲಿಸಿದ್ದಾನೆ. ಎರಡು ವರ್ಷಗಳೊಳಗೆ ಏಡ್ರಿಯಾನೋಪಲ್ ಕಾಳಗದಲ್ಲಿ ವೇಲೆನ್ಸ್ ಸತ್ತ. ಮೂವತ್ತೆರಡು ವರ್ಷಗಳ ಮೇಲೆ ಗಾಥರ ದೊರೆ ಅಲಾರಿಕ್ ರೋಮ್ ನಗರವನ್ನೇ ಲೂಟಿ ಮಾಡಿದ. ದಂಗೆಗೆ ಮೊದಲು ಬಿಡಾರದಲ್ಲಿ ಹಸಿವಿತ್ತು. ಎಲ್ಫರು ಮನುಷ್ಯರ ನಾಡಿನ ಗಡಿಗೆ ಬಂದು ನಿಂತಾಗ ಇಂಥ ಅಧಿಕಾರಿಯೊಬ್ಬ ಕಥೆಯಲ್ಲಿರಬೇಕು. ಕರಾಳ ಮಾಂತ್ರಿಕನಿಗಿಂತ ಅವನು ಹೆಚ್ಚು ನಂಬಿಕೆ ಹುಟ್ಟಿಸುವ ಖಳ.

ಆಶ್ರಯ ಕೊಡುವವರು ಯಾವ ನೆಲ ಕೊಡುತ್ತಾರೆ? ತಮಗೆ ಬೇಡದ ನೆಲ. ಬೆಲೆರಿಯಾಂಡಿನ ದೊರೆ ಥಿಂಗೋಲ್, ಹಿಂದೆ ಕಾಡಿನಲ್ಲಿ ಕಾಣೆಯಾಗಿದ್ದ ಅದೇ ಎಲ್ವೆ, ನೋಲ್ಡೋರರಿಗೆ ಖಾಲಿ ಬಿದ್ದ, ಕಾಡುಬಿದ್ದ ಪ್ರದೇಶಗಳಲ್ಲಿ ಮಾತ್ರ ಇರಲು ಒಪ್ಪಿಗೆ ಕೊಡುತ್ತಾನೆ. ಅವರು ತನ್ನ ತಮ್ಮನ ಜನರಾದ ಟೆಲೆರಿಗಳನ್ನು ಕೊಂದು ಬಂದವರೆಂದು ತಿಳಿದ ಮೇಲೆ ತನ್ನ ನಾಡಿನಲ್ಲಿ ಅವರ ಕ್ವೆನ್ಯ ನುಡಿಯನ್ನು ನಿಷೇಧಿಸುತ್ತಾನೆ.

ನೆಲದ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. 1959ರ ಮಾರ್ಚ್ 17ರ ರಾತ್ರಿ ಲಾಸಾ ಬಿಟ್ಟ ದಲೈ ಲಾಮಾ ಅದೇ ತಿಂಗಳ ಕೊನೆಗೆ ಭಾರತದ ಗಡಿ ದಾಟಿದರು. ಹಿಂದೆಯೇ ಸಾವಿರಾರು ಟಿಬೆಟನ್ನರು ಬಂದರು. ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸ ಮಾಡಿಕೊಂಡಿದ್ದವರಿಗೆ ಕೃಷಿಭೂಮಿ ಕೊಡಲು ಮುಂದೆ ಬಂದದ್ದು ಆಗಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಲ್ಲಿ ಮೊದಲ ವಸತಿ ಶುರುವಾಯಿತು. ಕೊಟ್ಟದ್ದು ಕಾಡು, ಅದೂ ಗುತ್ತಿಗೆಗೆ. ಮರ ಕಡಿದು, ಬೇರು ಕಿತ್ತು, ಕಾಡಾನೆಗಳನ್ನು ಓಡಿಸಿ, ಬಾರ್ಲಿ ಬೆಳೆಯುತ್ತಿದ್ದ ಕೈಗಳು ಮುಸುಕಿನ ಜೋಳ ಬೆಳೆಯಲು ಕಲಿತವು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ಇನ್ನಷ್ಟು ವಸತಿಗಳು ಬಂದವು. ಬಂಗಾಳದ ಬಕ್ಸಾದಲ್ಲಿ ಹತ್ತು ವರ್ಷ ಕಷ್ಟದಲ್ಲಿ ಓದು ಮುಂದುವರಿಸಿದ್ದ ಭಿಕ್ಷುಗಳು ದಕ್ಷಿಣಕ್ಕೆ ಬಂದು ಸೆರಾ ಮಠವನ್ನು ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿದರು. ಮೂರೂ ಹದಿನೈದನೆಯ ಶತಮಾನದಲ್ಲಿ ಲಾಸಾದ ಸುತ್ತಮುತ್ತ ಹುಟ್ಟಿದ ಮಠಗಳು. ಹೆಸರನ್ನೂ ಪಠ್ಯಕ್ರಮವನ್ನೂ ಹೊತ್ತು ತಂದರು. ಹೊಲದ ಬೆಳೆ ಮುಗಿದ ಮೇಲೆ ಪಟ್ಟಣಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ ಹೆಂಗಸರನ್ನು ಕಾಣದ ಕನ್ನಡಿಗರು ಕಡಿಮೆ. ಚೌಕಾಸಿ ನಡೆಯುವುದು ಕನ್ನಡದಲ್ಲೇ. ಅಲ್ಲಿಂದಲೂ ಒಂದು ಪಾಲು ಮತ್ತೆ ಹೊರಟಿತು: ಅಮೆರಿಕ 1990ರ ಕಾನೂನಿನಲ್ಲಿ ಸಾವಿರ ಟಿಬೆಟನ್ನರಿಗೆ ವೀಸಾ ಕೊಟ್ಟ ಮೇಲೆ ಯುವಜನರ ಕಣ್ಣು ಕಡಲಾಚೆಗೆ ಹರಿಯಿತು.

ಇಲ್ಲಿ ಕಲ್ಮೀಕರ ಕಥೆ ಮತ್ತೆ ಬಂದು ಕೂಡಿಕೊಳ್ಳುತ್ತದೆ. ವೋಲ್ಗಾ ದಡದಲ್ಲಿ ಉಳಿದಿದ್ದ ಕಲ್ಮೀಕರನ್ನು ಸ್ಟಾಲಿನ್ ಸರ್ಕಾರ 1943ರ ಡಿಸೆಂಬರಿನಲ್ಲಿ ಸೈಬೀರಿಯಕ್ಕೆ ಎತ್ತಂಗಡಿ ಮಾಡಿತು. ಮರಳಲು ಬಿಟ್ಟದ್ದು 1957ರಲ್ಲಿ. ಈ ನಡುವೆ ಕೆಲವು ಸಂಸಾರಗಳು ಅಮೆರಿಕ ಸೇರಿದ್ದವು. 1992ರಲ್ಲಿ ಕಲ್ಮೀಕಿಯಾದ ಬೌದ್ಧರು ತಮ್ಮ ಮುಖ್ಯ ಗುರುವಾಗಿ ಆರಿಸಿದ ತೆಲೊ ತುಲ್ಕು ರಿಂಪೋಚೆ ಹುಟ್ಟಿದ್ದು ಫಿಲಡೆಲ್ಫಿಯದ ಅಂಥದೊಂದು ಕಲ್ಮೀಕ್ ಮನೆಯಲ್ಲಿ. ಅವರು ಬೆಳೆದದ್ದು, ಓದಿದ್ದು ಉತ್ತರ ಕನ್ನಡದ ಮುಂಡಗೋಡಿನಲ್ಲಿರುವ ದ್ರೆಪುಂಗ್ ಗೋಮಾಂಗ್ ಮಠದಲ್ಲಿ. ಚದುರಿದ ಒಂದು ಜನಾಂಗದ ಎಳೆಯನ್ನು ಚದುರಿದ ಇನ್ನೊಂದು ಜನಾಂಗ, ಮೂರನೆಯವರ ನೆಲದಲ್ಲಿ ಹಿಡಿದುಕೊಟ್ಟಿತು. ಫ್ಯಾಂಟಸಿ ಕಥೆಗಳಲ್ಲಿ ಇಷ್ಟು ದೀರ್ಘವಾದ ಹೆಣಿಗೆ ಕಾಣುವುದು ಅಪರೂಪ, ಎಲ್ಫರ ಆಯುಸ್ಸು ಅದಕ್ಕೆ ಹೇಳಿ ಮಾಡಿಸಿದಂತಿದ್ದರೂ.

ಆ ಆಯುಸ್ಸೇ ಮನುಷ್ಯರ ಚರಿತ್ರೆಯಲ್ಲಿ ಸಿಗದ ಸಂಗತಿ. ಟೋಲ್ಕಿನ್ನರ ಎಲ್ಫರು ಮುಪ್ಪಿನಿಂದ ಸಾಯುವುದಿಲ್ಲ. ಗಾಯದಿಂದ, ದುಃಖದಿಂದ ಸಾಯುತ್ತಾರೆ. ಮಕ್ಕಳು ಕಡಿಮೆ, ಯುದ್ಧ ಮತ್ತು ಅಲೆದಾಟದ ಕಾಲದಲ್ಲಿ ಮತ್ತೂ ಕಡಿಮೆ. ಮಗು ಪೂರ್ತಿ ಬೆಳೆಯಲು ಐವತ್ತು ವರ್ಷ, ಕೆಲವರಿಗೆ ನೂರು. ಇದರ ಪರಿಣಾಮ ಕಠೋರ. 1771ರಲ್ಲಿ ಸತ್ತಷ್ಟು ಜನರ ಜಾಗವನ್ನು ಮನುಷ್ಯರು ಕೆಲವು ತಲೆಮಾರುಗಳಲ್ಲಿ ತುಂಬಿಕೊಳ್ಳಬಲ್ಲರು. ಎಲ್ಫರಿಗೆ ಅದು ಸಾವಿರ ವರ್ಷದ ಮಾತು. ಹಾಗಾಗಿ ಬುದ್ಧಿಯುಳ್ಳ ಎಲ್ಫ್ ನಾಯಕಿ ಐವತ್ತು ಸಾವಿರ ಜನರನ್ನು ಒಂದೇ ದಾರಿಗೆ ಹಾಕುವುದಿಲ್ಲ. ಸಣ್ಣ ಗುಂಪುಗಳನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸುತ್ತಾಳೆ. ಹತ್ತು ವರ್ಷ ತಡವಾದರೂ ಚಿಂತಿಸುವುದಿಲ್ಲ. ಮುನ್ಸೂಚನೆ ಇದ್ದರೆ ದಿನದ ನಡಿಗೆಗೊಂದರಂತೆ ಹಣ್ಣಿನ ತೋಪು ನೆಟ್ಟು, ಅವು ಫಲ ಬಿಟ್ಟ ಮೇಲೆ ಜನರನ್ನು ಎಬ್ಬಿಸುತ್ತಾಳೆ. ಟೋಲ್ಕಿನ್ನರ ಕಥೆಯಲ್ಲೂ ಎಲ್ಫರ ಗೊಂಡೋಲಿನ್ ನಗರ ಬೀಳುವುದಕ್ಕೆ ವರ್ಷಗಳ ಮೊದಲೇ ಅಲ್ಲಿನ ಇದ್ರಿಲ್ ಗುಟ್ಟಾಗಿ ಸುರಂಗ ತೋಡಿಸಿದ್ದರಿಂದಲೇ ಅಲ್ಲಿನ ಕೆಲವರಾದರೂ ಸಿರಿಯಾನ್ ನದಿಯ ಅಳಿವೆಯವರೆಗೆ ಬದುಕಿ ಬಂದರು.

ನೆನಪಿನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮನುಷ್ಯರ ವಸತಿಯಲ್ಲಿ ನಾಡು ಕಂಡವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ, ಮಕ್ಕಳು ಹೊಸ ನೆಲದ ಮಾತು ಕಲಿಯುತ್ತಾರೆ, ಹಳೆಯ ಊರು ಹಬ್ಬದಲ್ಲೂ ಪ್ರಾರ್ಥನೆಯಲ್ಲೂ ಉಳಿಯುತ್ತದೆ. ಎಲ್ಫರಲ್ಲಿ ಮೊದಲ ತಲೆಮಾರು ಸಭೆಯ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಆರು ನೂರು ವರ್ಷಗಳ ನಂತರವೂ ಗದ್ದೆಯ ಬದು ಎಲ್ಲಿತ್ತೆಂದು ಬೆರಳು ಮಾಡಿ ತೋರಿಸಬಲ್ಲ ಮುತ್ತಜ್ಜಿ ಅಲ್ಲಿ ಕೂತಿರುತ್ತಾಳೆ. ದಾರಿಯಲ್ಲೇ ಹುಟ್ಟಿದ ಮರಿಮಗನಿಗೆ ನೂರಾರು ವರ್ಷ ತುಂಬಿದ್ದರೂ ಅವಳ ಎದುರು ಅವನದು ಕಿರಿಯನ ಮಾತು. ನೆರೆಯ ಮನುಷ್ಯರೊಡನೆ ಆದ ಒಪ್ಪಂದಕ್ಕೆ ಸಹಿ ಹಾಕಿದ ರಾಜನ ಗೋರಿಯೇ ಕುಸಿದಿರುತ್ತದೆ, ಅವನ ಇಪ್ಪತ್ತನೆಯ ತಲೆಮಾರಿಗೆ ಆ ಒಪ್ಪಂದ ಗೊತ್ತೇ ಇರುವುದಿಲ್ಲ. ಎಲ್ಫರಿಗೆ ಅದು ನಿನ್ನೆಯ ಮಾತು. ಗುತ್ತಿಗೆಯ ಅವಧಿ ಮುಗಿಯ ಬಂದಾಗ ಈ ಎರಡು ಕಾಲಗಳು ಡಿಕ್ಕಿ ಹೊಡೆಯುತ್ತವೆ. ಎಲ್ಫ್ ವಲಸೆಯ ಕಥೆಯಲ್ಲಿ ನಿಜಕ್ಕೂ ಹೊಸತೇನಾದರೂ ಬರೆಯಲು ಸಾಧ್ಯವಿದ್ದರೆ ಅದು ಇಲ್ಲಿಯೇ.

ಮರಳುವ ದಾರಿ ತೆರೆದಾಗ ಎಲ್ಲರೂ ಮರಳುತ್ತಾರೆಯೇ? ಟೋಲ್ಕಿನ್ನರ ಲೋಕದಲ್ಲಿ ಮೊದಲ ಯುಗದ ಕೊನೆಗೆ, ಕಡಲಾಚೆಗೆ ಮರಳದಂತೆ ನೋಲ್ಡೋರರ ಮೇಲಿದ್ದ ನಿಷೇಧ ತೆರವಾಗುತ್ತದೆ. ಹಲವರು ಹಡಗು ಹತ್ತುತ್ತಾರೆ. ಗಿಲ್-ಗಲಾದ್, ಗಲಾದ್ರಿಯೆಲ್, ಕೆಲೆಬ್ರಿಂಬೋರರಂಥವರು ಉಳಿಯುತ್ತಾರೆ. ಎರಡನೆಯ ಯುಗದಲ್ಲಿ ನೋಲ್ಡೋರರ ಒಂದು ಪಂಗಡ ಮಂಜಿನ ಪರ್ವತಗಳ ಪಡುವಣ ತಪ್ಪಲಲ್ಲಿ ಎರೆಗಿಯಾನ್ ಕಟ್ಟುತ್ತದೆ. ಪಕ್ಕದ ಖಜದ್-ದೂಮಿನಲ್ಲಿ ಕುಬ್ಜರಿಗೆ ಮಿಥ್ರಿಲ್ ಎಂಬ ಲೋಹ ಸಿಕ್ಕಿತ್ತು. ನೋಲ್ಡೋರರು ಕಮ್ಮಾರಿಕೆಯಲ್ಲಿ ಪಳಗಿದವರು. ಈ ಸಲ ಅವರನ್ನು ಯಾರೂ ಅಟ್ಟಿರಲಿಲ್ಲ, ಯಾರೂ ಕಾಡುಬಿದ್ದ ನೆಲವನ್ನು ತೋರಿಸಿ ಇಲ್ಲಿರಿ ಎಂದಿರಲಿಲ್ಲ. ಕೆಲಸ ಎಲ್ಲಿದೆಯೋ ಅಲ್ಲಿಗೆ, ನೆರೆಯವರನ್ನು ತಾವೇ ಆರಿಸಿಕೊಂಡು ಹೋದರು. ಕುಬ್ಜರ ಪಡುಬಾಗಿಲವರೆಗೆ ರಸ್ತೆ ಹಾಕಿ, ತಮ್ಮ ನಾಡು ಅಲ್ಲಿಗೆ ಮುಗಿಯಿತೆಂಬುದಕ್ಕೆ ಗುರುತಾಗಿ ‘ಹಾಲಿ’ ಎಂಬ ಮರಗಳನ್ನು ನೆಟ್ಟರು. ಬಾಗಿಲಿನ ಕೆಲಸದಲ್ಲಿ ಕುಬ್ಜ ನಾರ್ವಿ ಮತ್ತು ಎಲ್ಫ್ ಕೆಲೆಬ್ರಿಂಬೋರ್ ಇಬ್ಬರ ಕೈಯೂ ಇತ್ತು, ಇಬ್ಬರ ಹೆಸರೂ ಅದರ ಮೇಲಿತ್ತು.